ಬೆಟ್ಟಿ ಫೋರ್ಡ್ ಅವರ ಮನೆಯಲ್ಲಿ ನಡೆದದ್ದನ್ನು ನಮ್ಮ ಮನೆಯಲ್ಲೂ ಮಾಡಬಹುದೇ?

ಪ್ರಶ್ನೆ: ನನ್ನ ತಾಯಿಗೆ 62 ವರ್ಷ. ಪ್ರೌಢಶಾಲೆಯ ಶಿಕ್ಷಕಿಯಾಗಿ ನಿವೃತ್ತರಾದವರು. ಹತ್ತು ವರ್ಷಗಳ ಹಿಂದೆ ಕತ್ತುನೋವಿಗೆಂದು ವೈದ್ಯರು ಬರೆದುಕೊಟ್ಟ ಟ್ರಮಡಾಲ್ ಮಾತ್ರೆಯನ್ನೂ ನಿದ್ರೆಗೆಂದು ಕೊಟ್ಟ ಆಲ್ಪ್ರಜೋಲಾಮ್ ಮಾತ್ರೆಯನ್ನೂ ಇಂದಿಗೂ ನುಂಗುತ್ತಿದ್ದಾರೆ. ಹಳೆಯ ಚೀಟಿ ತೋರಿಸಿ ಬೇರೆ ಬೇರೆ ಮೆಡಿಕಲ್ ಶಾಪುಗಳಿಂದ ತರಿಸಿಕೊಳ್ಳುತ್ತಾರೆ. ಈಚೆಗೆ ಮಾತು ತೊದಲುತ್ತಿದೆ, ಎರಡು ಸಲ ಬಚ್ಚಲಿನಲ್ಲಿ ಬಿದ್ದಿದ್ದಾರೆ. ರಾತ್ರಿ ಸ್ವಲ್ಪ ಬ್ರಾಂದಿಯೂ ಸೇರುತ್ತಿದೆ ಎಂಬ ಅನುಮಾನ ನಮ್ಮ ತಂದೆಗಿದೆ. ಮಿಷಿಗನ್‌ನಲ್ಲಿರುವ ನನ್ನ ಅಣ್ಣ ಅಲ್ಲಿನ ಗ್ರ್ಯಾಂಡ್ ರ್ಯಾಪಿಡ್ಸ್ ಊರಿನ ಫೋರ್ಡ್ ವಸ್ತುಸಂಗ್ರಹಾಲಯಕ್ಕೆ ಹೋಗಿ ಬಂದ ಮೇಲೆ, ಅಮೆರಿಕದ ಅಧ್ಯಕ್ಷರಾಗಿದ್ದ ಜೆರಾಲ್ಡ್ ಫೋರ್ಡ್ ಅವರ ಪತ್ನಿ ಬೆಟ್ಟಿ ಫೋರ್ಡ್ ಅವರಿಗೂ ಇದೇ ತೊಂದರೆ ಇತ್ತು, ಮನೆಯವರೆಲ್ಲ ಒಂದು ಬೆಳಿಗ್ಗೆ ಎದುರು ಕೂತು ಹೇಳಿದ್ದರಿಂದಲೇ ಅವರು ಗುಣವಾದರು ಎನ್ನುತ್ತಿದ್ದಾನೆ. ದೀಪಾವಳಿಗೆ ಎಲ್ಲರೂ ಸೇರಿದಾಗ ಅಮ್ಮನಿಗೆ ಮುಖಕ್ಕೆ ಮುಖ ಕೊಟ್ಟು ಹೇಳಿ, ಅಂದೇ ರಾತ್ರಿ ಮಾತ್ರೆಗಳನ್ನೆಲ್ಲ ಎಸೆದುಬಿಡೋಣ ಎಂಬುದು ಅವನ ಯೋಜನೆ. ಚಿಕ್ಕಮ್ಮ ಮಾತ್ರ, ಅದೆಲ್ಲ ಅಮೆರಿಕದವರ ಕಥೆ, ಮರ್ಯಾದಸ್ಥರ ಮನೆಯ ಹೆಂಗಸಿಗೆ ಇಂಥದ್ದು ಅಂಟುವುದಿಲ್ಲ ಎನ್ನುತ್ತಾರೆ. ಯಾರ ಮಾತು ಸರಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳಿವೆ. ತಾಯಿಯವರಿಗೆ ಆಗಿರುವುದು ನಿಜಕ್ಕೂ ವ್ಯಸನವೇ ಎಂಬುದು ಒಂದು. ಹೌದಾದರೆ ಅದನ್ನು ಅವರಿಗೆ ಹೇಳುವುದು ಹೇಗೆ ಎಂಬುದು ಇನ್ನೊಂದು. ಇವೆರಡಕ್ಕೂ ಮೊದಲು ಒಂದು ಮಾತನ್ನು ಅಣ್ಣನಿಗೆ ಇಂದೇ ತಿಳಿಸಿ. ಮಾತ್ರೆಗಳನ್ನು ಎಸೆಯಬೇಡಿ. ವರ್ಷಗಟ್ಟಲೆ ಆಲ್ಪ್ರಜೋಲಾಮ್ ತೆಗೆದುಕೊಂಡವರು ಅದನ್ನು ಒಮ್ಮೆಲೇ ನಿಲ್ಲಿಸಿದರೆ ಒಂದೆರಡು ದಿನಗಳಲ್ಲೇ ಕೈಕಾಲು ನಡುಕ, ನಿದ್ರೆ ಪೂರ್ತಿ ಹೋಗುವುದು, ಫಿಟ್ಸ್, ಸನ್ನಿ ಕಾಣಿಸಿಕೊಳ್ಳಬಹುದು. ದಿನವೂ ಮದ್ಯ ಸೇರುತ್ತಿದ್ದರೆ ಈ ಅಪಾಯ ಇನ್ನೂ ಹೆಚ್ಚು. ವ್ಯಸನ ಚಿಕಿತ್ಸೆಯ ವಾರ್ಡಿನಲ್ಲಿ ಕೆಲಸ ಮಾಡುವ ನಾನು, ಒಳ್ಳೆಯ ಉದ್ದೇಶದಿಂದ ಮನೆಯವರೇ ಮಾತ್ರೆ ಬಚ್ಚಿಟ್ಟ ಮರುದಿನ ಫಿಟ್ಸ್ ಬಂದು ತುರ್ತು ಚಿಕಿತ್ಸೆಗೆ ಬಂದ ತಾಯಂದಿರನ್ನು ನೋಡಿದ್ದೇನೆ.

ಬೆಟ್ಟಿ ಫೋರ್ಡ್ ಅವರ ಜೀವನದಲ್ಲಿ ನಡೆದದ್ದನ್ನು ನಿಮ್ಮ ಅಣ್ಣ ಅರ್ಧ ಸರಿಯಾಗಿ ಹೇಳಿದ್ದಾರೆ. ಬಿಟ್ಟುಹೋದ ಅರ್ಧದಲ್ಲೇ ನಿಮಗೆ ಉಪಯೋಗವಾಗುವ ಸಂಗತಿಗಳಿರುವುದರಿಂದ ಅದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಅವರು ಹುಟ್ಟಿದ್ದು 1918ರಲ್ಲಿ ಷಿಕಾಗೊದಲ್ಲಿ, ಬೆಳೆದದ್ದು ನಿಮ್ಮ ಅಣ್ಣ ನೋಡಿ ಬಂದ ಗ್ರ್ಯಾಂಡ್ ರ್ಯಾಪಿಡ್ಸ್‌ನಲ್ಲಿ. ನರ್ತಕಿಯಾಗಬೇಕೆಂದು ನ್ಯೂಯಾರ್ಕಿಗೆ ಹೋಗಿ ಮಾರ್ಥಾ ಗ್ರಹಾಂ ಅವರ ಬಳಿ ಆಧುನಿಕ ನೃತ್ಯ ಕಲಿತವರು. 16 ವರ್ಷದವರಿದ್ದಾಗ ತಂದೆ ತೀರಿಕೊಂಡರು. ತಂದೆಗೆ ಕುಡಿತದ ಚಟವಿತ್ತು ಎಂಬುದು ಅವರಿಗೆ ತಿಳಿದದ್ದೇ ಆ ಸಾವಿನ ನಂತರ. ಮದ್ಯವ್ಯಸನಕ್ಕೆ ಬಲಿಯಾಗುವ ಸಾಧ್ಯತೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ವಂಶವಾಹಿಯಿಂದ ಬರುತ್ತದೆ ಎಂದು ವೈದ್ಯಶಾಸ್ತ್ರ ಹೇಳುತ್ತದೆ. ಆದ್ದರಿಂದ ನಾವು ಹೊಸ ರೋಗಿಯನ್ನು ನೋಡಿದಾಗ ತಂದೆ, ತಾಯಿ, ಒಡಹುಟ್ಟಿದವರ ವಿಷಯವನ್ನು ಕೇಳಿಯೇ ಕೇಳುತ್ತೇವೆ. ನಿಮ್ಮ ಅಜ್ಜ ಅಥವಾ ಮಾವಂದಿರಲ್ಲಿ ಇಂಥದ್ದು ಇತ್ತೇ ಎಂಬುದನ್ನು ತಂದೆಯವರಲ್ಲಿ ವಿಚಾರಿಸಿಟ್ಟುಕೊಳ್ಳಿ.

1948ರಲ್ಲಿ ಅವರು ಜೆರಾಲ್ಡ್ ಫೋರ್ಡ್ ಅವರನ್ನು ಮದುವೆಯಾದರು. ಕೆಲವೇ ವಾರಗಳಲ್ಲಿ ಗಂಡ ಸಂಸತ್ತಿಗೆ ಆಯ್ಕೆಯಾದರು. ನಾಲ್ಕು ಮಕ್ಕಳಾದರು. 1965ರಲ್ಲಿ ಗಂಡ ತಮ್ಮ ಪಕ್ಷದ ಸದನ ನಾಯಕರಾದ ಮೇಲೆ ಊರೂರು ಭಾಷಣವೇ ಆಗಿ, ಮನೆ, ಮಕ್ಕಳ ಶಾಲೆ, ಪೆಟ್ಟು, ಜ್ವರ ಎಲ್ಲವೂ ಇವರೊಬ್ಬರ ಹೆಗಲಿಗೆ ಬಿತ್ತು. ಅದಕ್ಕೂ ಸ್ವಲ್ಪ ಮುಂಚೆ, 1964ರಲ್ಲಿ, ಕಿಟಕಿಯನ್ನು ಮೇಲೆತ್ತಲು ಹೋಗಿ ಕತ್ತಿನ ನರ ಹಿಡಿದುಕೊಂಡಿತು. ಆಸ್ಪತ್ರೆ ಸೇರಿದರು, ನೋವಿನ ಮಾತ್ರೆ ಶುರುವಾಯಿತು. ಮಾತ್ರೆ ಕೊಟ್ಟ ವೈದ್ಯರು ತಪ್ಪು ಮಾಡುತ್ತಿದ್ದೇವೆಂದು ತಿಳಿದು ಕೊಟ್ಟದ್ದಲ್ಲ. ನೋವಿಗೆ ಒಂದು, ನಿದ್ರೆಗೆ ಒಂದು, ಆತಂಕಕ್ಕೆ ಒಂದು ಎಂದು ಒಬ್ಬೊಬ್ಬರು ಒಂದೊಂದನ್ನು ಬರೆದರು, ಬರೆದದ್ದನ್ನು ನಿಲ್ಲಿಸುವ ಹೊಣೆ ಮಾತ್ರ ಯಾರದೂ ಆಗಲಿಲ್ಲ. ಸಂಜೆಯ ಮದ್ಯ ಅದರ ಜೊತೆ ಸೇರಿಕೊಂಡಿತು. ನಿಮ್ಮ ತಾಯಿಯವರ ಕತ್ತುನೋವಿನ ಚೀಟಿಯ ಬಗ್ಗೆ ಓದಿದಾಗ ನನಗೆ ತಕ್ಷಣ ನೆನಪಾದದ್ದು ಇದೇ.

ಚಿಕ್ಕಮ್ಮನವರ ಮಾತಿಗೆ ಉತ್ತರವೂ ಇಲ್ಲೇ ಇದೆ. ಬೆಟ್ಟಿ ಫೋರ್ಡ್ ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದ, ತಾಯ್ತನವನ್ನು ಜವಾಬ್ದಾರಿಯಿಂದ ನಡೆಸಿದ ಗೃಹಿಣಿ. ಮರ್ಯಾದಸ್ಥರ ಮನೆಯಲ್ಲಿ ವ್ಯಸನ ಬರುವುದಿಲ್ಲ ಎಂಬುದು ಸುಳ್ಳು. ಅಂಥ ಮನೆಯಲ್ಲಿ ಅದು ತಡವಾಗಿ ಗೊತ್ತಾಗುತ್ತದೆ ಎಂಬುದು ನಿಜ. ಗಂಡಸು ಕುಡಿದರೆ ಬೀದಿಗೆ ತಿಳಿಯುತ್ತದೆ. ಹೆಂಗಸಿನ ಮಾತ್ರೆ ಅಡುಗೆಮನೆಯ ಡಬ್ಬಿಯಲ್ಲಿ, ಸೀರೆಯ ಮಡಿಕೆಯಲ್ಲಿ, ಪೂಜೆಯ ಗೂಡಿನ ಹಿಂದೆ ಇರುತ್ತದೆ. ವೈದ್ಯರೇ ಕೊಟ್ಟದ್ದು ಎಂಬ ಸಮಾಧಾನ ಎಲ್ಲರಿಗೂ ಇರುತ್ತದೆ. ದೇಹದ ಲೆಕ್ಕವೂ ಹೆಂಗಸಿಗೆ ಅನುಕೂಲವಾಗಿಲ್ಲ. ದೇಹದಲ್ಲಿ ನೀರಿನ ಪ್ರಮಾಣ ಕಡಿಮೆ ಇರುವುದರಿಂದ ಅಷ್ಟೇ ಮದ್ಯ ಕುಡಿದರೂ ಗಂಡಸಿಗಿಂತ ಹೆಂಗಸಿನ ರಕ್ತದಲ್ಲಿ ಅದರ ಮಟ್ಟ ಹೆಚ್ಚಾಗುತ್ತದೆ. ಅರವತ್ತು ದಾಟಿದ ಮೇಲೆ ನಿದ್ರೆ ಮಾತ್ರೆಯೂ ದೇಹದಿಂದ ನಿಧಾನವಾಗಿ ಹೊರಹೋಗುತ್ತದೆ. ಐವತ್ತರಲ್ಲಿ ತಡೆದುಕೊಂಡಿದ್ದ ಪ್ರಮಾಣವೇ ಈಗ ತೊದಲಿಸುತ್ತದೆ, ಬೀಳಿಸುತ್ತದೆ.

ಬೆಟ್ಟಿ ಫೋರ್ಡ್ ಅವರ ವಿಷಯದಲ್ಲಿ ನನ್ನನ್ನು ಬಹಳ ಕಾಡುವುದು 1974ರಿಂದ 1978ರವರೆಗಿನ ನಾಲ್ಕು ವರ್ಷ. 1974ರ ಆಗಸ್ಟ್ 9ರಂದು ಗಂಡ ಅಧ್ಯಕ್ಷರಾದರು. ಎರಡು ತಿಂಗಳೂ ತುಂಬುವ ಮೊದಲೇ, ಸೆಪ್ಟೆಂಬರ್ ಕೊನೆಯಲ್ಲಿ, ಸ್ತನದಲ್ಲಿ ಗಂಟು ಪತ್ತೆಯಾಗಿ 28ರಂದು ಬೆಥೆಸ್ಡಾದ ನೌಕಾಪಡೆ ಆಸ್ಪತ್ರೆಯಲ್ಲಿ ಬಲಸ್ತನವನ್ನು ತೆಗೆದರು. ಕ್ಯಾನ್ಸರ್ ಎಂಬ ಪದವನ್ನೇ ಮನೆಯೊಳಗೆ ಪಿಸುಗುಟ್ಟುತ್ತಿದ್ದ ಕಾಲದಲ್ಲಿ ಅವರು ಅದನ್ನು ಮುಚ್ಚಿಡಲು ಒಪ್ಪಲಿಲ್ಲ. ದೇಶದ ಎಲ್ಲೆಡೆ ಮಹಿಳೆಯರು ತಪಾಸಣೆಗೆ ಸಾಲು ನಿಂತರು. ಉಪಾಧ್ಯಕ್ಷ ಸ್ಥಾನಕ್ಕೆ ಹೆಸರಿಸಲ್ಪಟ್ಟಿದ್ದ ರಾಕ್‌ಫೆಲ್ಲರ್ ಅವರ ಪತ್ನಿ ತಾವೇ ಪರೀಕ್ಷಿಸಿಕೊಂಡಾಗ ಅವರಿಗೂ ಗಂಟು ಸಿಕ್ಕಿ, ಕೆಲವೇ ವಾರಗಳಲ್ಲಿ ಅವರಿಗೂ ಶಸ್ತ್ರಚಿಕಿತ್ಸೆಯಾಯಿತು. ಮರುವರ್ಷ ದೂರದರ್ಶನ ಸಂದರ್ಶನದಲ್ಲಿ ಗರ್ಭಪಾತ, ಗಾಂಜಾ, ಮದುವೆಗೆ ಮುಂಚಿನ ಸಂಬಂಧ ಯಾವುದರ ಬಗ್ಗೆ ಕೇಳಿದರೂ ನೇರವಾಗಿ ಉತ್ತರಿಸಿದರು. ಮಹಿಳೆಯರಿಗೆ ಸಮಾನ ಹಕ್ಕು ನೀಡುವ ಸಂವಿಧಾನ ತಿದ್ದುಪಡಿಗಾಗಿ ಶಾಸಕರಿಗೆ ತಾವೇ ಫೋನು ಮಾಡಿದರು. ಇಷ್ಟು ನಿರ್ಭೀತವಾಗಿ ಮಾತಾಡಿದ ಹೆಂಗಸಿಗೆ ತಮ್ಮ ಮಾತ್ರೆಯ ಡಬ್ಬಿಯ ಬಗ್ಗೆ ಮಾತ್ರ ಬಾಯಿ ಬರಲಿಲ್ಲ.

ಇದನ್ನು ಸುಳ್ಳುತನ ಎಂದು ತಿಳಿಯಬೇಡಿ. ತನಗೆ ತೊಂದರೆ ಇದೆ ಎಂಬುದು ರೋಗಿಗೆ ಕಾಣದಂತಾಗುವುದು ಈ ಕಾಯಿಲೆಯದೇ ಒಂದು ಲಕ್ಷಣ. ನೋವು ನಿಜ, ನಿದ್ರೆ ಬಾರದಿರುವುದು ನಿಜ, ಮಾತ್ರೆ ನುಂಗಿದರೆ ಅರ್ಧ ಗಂಟೆಯಲ್ಲಿ ಸಮಾಧಾನವಾಗುವುದೂ ನಿಜ. ಮಾತ್ರೆಯ ಪರಿಣಾಮ ಇಳಿಯುವಾಗ ಹುಟ್ಟುವ ಚಡಪಡಿಕೆಯನ್ನು ಅವರು ಹಳೆಯ ಕಾಯಿಲೆಯೇ ಮರುಕಳಿಸಿತೆಂದು ಓದಿಕೊಂಡು ಇನ್ನೊಂದು ಮಾತ್ರೆ ನುಂಗುತ್ತಾರೆ. ನಿಮ್ಮ ತಾಯಿಯವರು ನನಗೇನೂ ಆಗಿಲ್ಲ ಎಂದರೆ ಅವರು ನಿಮ್ಮನ್ನು ಮೋಸಮಾಡುತ್ತಿಲ್ಲ, ತಮಗೆ ಅನಿಸಿದ್ದನ್ನೇ ಹೇಳುತ್ತಿದ್ದಾರೆ.

1977ರ ಜನವರಿಯಲ್ಲಿ ಶ್ವೇತಭವನ ಬಿಟ್ಟು ಕ್ಯಾಲಿಫೋರ್ನಿಯದ ರಾಂಚೊ ಮಿರಾಜ್‌ಗೆ ಹೋದ ಮೇಲೆ ಸ್ಥಿತಿ ಕೆಟ್ಟಿತು. ಮಕ್ಕಳು ದೊಡ್ಡವರಾಗಿದ್ದರು, ಗಂಡ ಮತ್ತೆ ಭಾಷಣ ಪ್ರವಾಸದಲ್ಲಿದ್ದರು, ದಿನ ತುಂಬಿಸುವ ಕೆಲಸ ಇರಲಿಲ್ಲ. ಆ ವರ್ಷ ಮಾಸ್ಕೋದಿಂದ ಪ್ರಸಾರವಾದ ಬ್ಯಾಲೆಯೊಂದಕ್ಕೆ ನಿರೂಪಣೆ ಮಾಡಿದಾಗ ಅವರ ಮಾತು ಎಳೆದಂತಿದ್ದುದನ್ನು ಪತ್ರಿಕೆಯವರೂ ಗುರುತಿಸಿದರು. ನಿವೃತ್ತಿಯ ನಂತರದ ಮೊದಲ ಒಂದೆರಡು ವರ್ಷಗಳಲ್ಲಿ ಮಾತ್ರೆಯ ಪ್ರಮಾಣ ಏರುವುದನ್ನು ನಾವು ನಮ್ಮ ಹೊರರೋಗಿ ವಿಭಾಗದಲ್ಲೂ ಕಾಣುತ್ತೇವೆ. ನಿಮ್ಮ ತಾಯಿಯವರು ಕೆಲಸದಿಂದ ನಿವೃತ್ತರಾದದ್ದು ಯಾವಾಗ, ತೊದಲು ಶುರುವಾದದ್ದು ಯಾವಾಗ ಎಂಬುದನ್ನು ಜೋಡಿಸಿ ನೋಡಿ.

ಇನ್ನು ಆ ಪ್ರಸಿದ್ಧ ಬೆಳಿಗ್ಗೆ. ಅದಕ್ಕೆ ಎರಡು ದಿನ ಮೊದಲು ಮಗಳು ಸೂಸನ್ ಒಬ್ಬ ವೈದ್ಯರನ್ನು ಕರೆದುಕೊಂಡು ಹೋಗಿ ಹೇಳಿ ನೋಡಿದ್ದರು. ತಾಯಿ ಸಿಟ್ಟಿಗೆದ್ದು ವೈದ್ಯರನ್ನು ಮನೆಯಿಂದ ಹೊರಗೆ ಕಳಿಸಿದರು. ಅಂದರೆ ಮೊದಲ ಪ್ರಯತ್ನ ಸೋತಿತು. 1978ರ ಏಪ್ರಿಲ್ 1ರ ಶನಿವಾರ ಎರಡನೆಯದು ನಡೆಯಿತು. ಕೋಣೆಯಲ್ಲಿದ್ದವರು ಗಂಡ, ಮಕ್ಕಳು, ಒಬ್ಬ ಸೊಸೆ, ನೌಕಾಪಡೆಯ ವ್ಯಸನ ಚಿಕಿತ್ಸಾ ಘಟಕದ ಮುಖ್ಯಸ್ಥ ಡಾ. ಜೋಸೆಫ್ ಪರ್ಷ್ ಮತ್ತು ಒಬ್ಬ ನರ್ಸ್. ನೆಂಟರಿಷ್ಟರು, ಸ್ನೇಹಿತರು ಯಾರೂ ಇರಲಿಲ್ಲ. ಅವರು ಆಡಿದ ಮಾತುಗಳ ಬಗೆಯನ್ನು ಗಮನಿಸಿ. ಒಬ್ಬ ಮಗ, ಸ್ನೇಹಿತರನ್ನು ಮನೆಗೆ ಕರೆತರಲು ಹಿಂಜರಿಯುತ್ತಿದ್ದೆ, ಅಮ್ಮ ಯಾವ ಸ್ಥಿತಿಯಲ್ಲಿದ್ದಾರೋ ಎಂದು ಮೊದಲು ಬಾಗಿಲ ಸಂದಿಯಿಂದ ಇಣುಕಿ ನೋಡುತ್ತಿದ್ದೆ ಎಂದ. ಇನ್ನೊಬ್ಬ, ತಾನು ತಾಯಿಗೆಂದೇ ಅಡುಗೆ ಮಾಡಿ ಬಡಿಸಲು ಕಾದಿದ್ದ ರಾತ್ರಿ ಅವರು ಟೀವಿಯ ಮುಂದಿನಿಂದ ಏಳದೆ ಕುಡಿಯುತ್ತ ಕೂತದ್ದನ್ನು ಹೇಳಿದ. ಸೊಸೆ, ತಮಗೆ ಹುಟ್ಟಲಿರುವ ಮಕ್ಕಳಿಗೆ ಆರೋಗ್ಯವಂತ ಅಜ್ಜಿ ಬೇಕು ಎಂದಳು. ನೀನು ಕುಡುಕಿ, ನಮ್ಮ ಮಾನ ಕಳೆದೆ ಎಂದು ಯಾರೂ ಹೇಳಲಿಲ್ಲ. ನಡೆದ ಘಟನೆ, ಅದು ನಡೆದ ದಿನ, ಅದರಿಂದ ತನಗಾದ ನೋವು, ಇಷ್ಟನ್ನೇ ಪ್ರತಿಯೊಬ್ಬರೂ ಹೇಳಿದರು. ಹಾಗಿದ್ದೂ ಆ ತಾಯಿಗೆ ಅಪಾರ ನೋವಾಯಿತು, ಸಿಟ್ಟು ಬಂತು, ಅತ್ತರು.

ನಿಮ್ಮ ಅಣ್ಣನ ಕಥೆ ಇಲ್ಲಿಗೆ ನಿಲ್ಲುತ್ತದೆ. ಚಿಕಿತ್ಸೆ ಶುರುವಾದದ್ದು ಇಲ್ಲಿಂದ. ಮುಂದಿನ ಒಂದು ವಾರ ನರ್ಸ್ ಮನೆಯಲ್ಲೇ ಉಳಿದು, ವೈದ್ಯರ ನಿಗಾದಲ್ಲಿ ಔಷಧಗಳನ್ನು ಬಿಡಿಸಿದರು. 60ನೆಯ ಹುಟ್ಟುಹಬ್ಬವೂ ಆ ವಾರದಲ್ಲೇ ಬಂತು. ಅದಾದ ಮೇಲೆ ಲಾಂಗ್ ಬೀಚ್‌ನ ನೌಕಾಪಡೆ ಆಸ್ಪತ್ರೆಗೆ ಸೇರಿದರು. ಅಲ್ಲಿ ತಮಗೆ ಪ್ರತ್ಯೇಕ ಕೋಣೆ ಇರುತ್ತದೆಂದು ಭಾವಿಸಿದ್ದ ಮಾಜಿ ಅಧ್ಯಕ್ಷರ ಪತ್ನಿಗೆ ನಾಲ್ಕು ಮಂಚಗಳ ಕೋಣೆ ಕಂಡಿತು. ಒಪ್ಪಲಿಲ್ಲ. ಹಾಗಾದರೆ ಉಳಿದ ಹೆಂಗಸರನ್ನು ಹೊರಗೆ ಕಳಿಸುತ್ತೇನೆ ಎಂದು ಡಾ. ಪರ್ಷ್ ಹೇಳಿದಾಗ, ಬೇಡ, ನನ್ನಿಂದ ಅವರು ಹೊರಗೆ ಹೋಗುವುದು ಬೇಡ ಎಂದು ಅದೇ ಕೋಣೆಯಲ್ಲಿ ಉಳಿದರು. ಅಲ್ಲೂ ಮೊದಲು ಒಪ್ಪಿಕೊಂಡದ್ದು ಮಾತ್ರೆಯನ್ನಷ್ಟೇ. ಮದ್ಯದ ಮಾತು ಬಂದಾಗ ಗಂಡನಿಗೆ ಮುಜುಗರವಾಗುತ್ತದೆ ಎಂದರು. ಗಂಡನ ಹಿಂದೆ ಅಡಗಬೇಡಿ, ಅವರನ್ನೇ ಕೇಳಿ ಎಂದು ವೈದ್ಯರು ಹೇಳಿದರು. ಪಕ್ಕದಲ್ಲೇ ಕೂತಿದ್ದ ಗಂಡ ಕೈ ಹಿಡಿದುಕೊಂಡು, ನನಗೆ ಯಾವ ಮುಜುಗರವೂ ಇಲ್ಲ ಎಂದರು. ಆಸ್ಪತ್ರೆ ಸೇರಿ ಸುಮಾರು ಹತ್ತು ದಿನಗಳಾದ ಮೇಲೆ ಮದ್ಯದ ವಿಷಯವನ್ನೂ ಅವರು ಸಾರ್ವಜನಿಕವಾಗಿ ಒಪ್ಪಿಕೊಂಡರು. ನಿಮ್ಮ ತಂದೆಯವರು ಈ ಭಾಗವನ್ನು ಓದಲೇಬೇಕೆಂದು ನನ್ನ ಕೋರಿಕೆ. ಬ್ರಾಂದಿಯ ಬಗ್ಗೆ ಅವರು ಅನುಮಾನವನ್ನಷ್ಟೇ ಇಟ್ಟುಕೊಂಡು ಮೌನವಾಗಿರುವುದೂ ಮಾನದ ಭಯದಿಂದಲೇ ಇರಬಹುದು.

ಆದ್ದರಿಂದ ಎದುರು ಕೂತು ಹೇಳಿದ್ದರಿಂದಲೇ ಗುಣವಾದರು ಎಂಬುದು ಸರಿಯಲ್ಲ. ಆ ಬೆಳಿಗ್ಗೆ ಚಿಕಿತ್ಸೆಯ ಬಾಗಿಲನ್ನು ತೆರೆಯಿತು, ಮತ್ತು ಬಾಗಿಲಾಚೆ ವೈದ್ಯರು, ನರ್ಸ್, ಹಾಸಿಗೆ ಎಲ್ಲವೂ ಮೊದಲೇ ಸಿದ್ಧವಾಗಿದ್ದವು. ಈ ವಿಧಾನದ ಬಗ್ಗೆ ಸಂಶೋಧನೆಯೂ ಆಗಿದೆ. 1999ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಚಿಕಿತ್ಸೆಗೆ ಒಲ್ಲೆನೆನ್ನುವ ಮದ್ಯವ್ಯಸನಿಗಳ 130 ಮಂದಿ ಆಪ್ತರನ್ನು ಮೂರು ಗುಂಪು ಮಾಡಿದ್ದರು. ಎದುರು ಕೂತು ಹೇಳುವ ತರಬೇತಿ ಪಡೆದ ಗುಂಪಿನಲ್ಲಿ 30% ವ್ಯಸನಿಗಳು ಚಿಕಿತ್ಸೆಗೆ ಬಂದರು. ದಿನನಿತ್ಯದ ನಡವಳಿಕೆಯನ್ನೇ ಬದಲಿಸಿಕೊಳ್ಳುವ ತರಬೇತಿ ಪಡೆದ ಕುಟುಂಬಗಳಲ್ಲಿ ಇದು 64% ಇತ್ತು. ಮೊದಲ ವಿಧಾನ ಹಿಂದೆ ಬಿದ್ದದ್ದಕ್ಕೆ ಮುಖ್ಯ ಕಾರಣ, ಬಹುಪಾಲು ಕುಟುಂಬಗಳು ಆ ದಿನಕ್ಕೆ ಎದೆಗಟ್ಟಿ ಮಾಡಿಕೊಳ್ಳಲಾಗದೆ ಅರ್ಧಕ್ಕೇ ಬಿಟ್ಟದ್ದು. ಕೊನೆಯವರೆಗೆ ಹೋದ ಮನೆಗಳಲ್ಲಿ ಹೆಚ್ಚಿನವು ಗೆದ್ದವು.

ಎರಡನೆಯ ವಿಧಾನ ಎಂದರೆ ಸರಳವಾಗಿ ಹೀಗೆ: ತಾಯಿಯವರು ಚುರುಕಾಗಿರುವ ಹೊತ್ತಿನಲ್ಲಿ ಅವರ ಜೊತೆ ಕೂರುವುದು, ವಾಕಿಂಗ್‌ಗೆ ಹೋಗುವುದು, ಅವರ ಹಳೆಯ ವಿದ್ಯಾರ್ಥಿಗಳನ್ನು ಮನೆಗೆ ಕರೆಯುವುದು, ಅವರು ಮಂಪರಿನಲ್ಲಿರುವಾಗ ಜಗಳ, ಉಪದೇಶ ಎರಡನ್ನೂ ಬಿಟ್ಟು ಸುರಕ್ಷತೆಯನ್ನಷ್ಟೇ ನೋಡಿಕೊಳ್ಳುವುದು, ಅವರ ಪರವಾಗಿ ಸುಳ್ಳು ಹೇಳುವುದನ್ನು, ಮಾತ್ರೆ ತಂದುಕೊಡುವುದನ್ನು ನಿಲ್ಲಿಸುವುದು, ಬಿದ್ದು ಬೆನ್ನು ನೋವಾದ ಮರುದಿನ, ಅಥವಾ ಮೊಮ್ಮಗುವನ್ನು ಎತ್ತಿಕೊಳ್ಳಲು ಕೈ ನಡುಗಿದ ದಿನ, ಅವರ ಬಾಯಿಂದಲೇ ಬೇಸರದ ಮಾತು ಬಂದಾಗ, ಬಾ ಅಮ್ಮ, ಇಬ್ಬರೂ ಡಾಕ್ಟರ ಹತ್ತಿರ ಹೋಗೋಣ ಎನ್ನುವುದು. ಇದಕ್ಕೆ ತಿಂಗಳುಗಳು ಬೇಕು, ತಾಳ್ಮೆ ಬೇಕು. ಮಾತ್ರೆ ತರುವುದನ್ನು ನಿಲ್ಲಿಸುವ ಕೆಲಸವನ್ನು ಮಾತ್ರ ವೈದ್ಯರನ್ನು ಕಂಡ ನಂತರವೇ ಮಾಡಿ, ಇಲ್ಲವಾದರೆ ಮೊದಲು ಹೇಳಿದ ಅಪಾಯ ಎದುರಾಗುತ್ತದೆ.

ಆದರೆ ನಿಮ್ಮ ಮನೆಯಲ್ಲಿ ತಿಂಗಳುಗಟ್ಟಲೆ ಕಾಯುವಂತಿಲ್ಲದ ಒಂದು ಸಂಗತಿ ಇದೆ. ಎರಡು ಸಲ ಬಿದ್ದವರಿಗೆ ಮಾತು ತೊದಲುತ್ತಿದೆ ಎಂದರೆ ಅದನ್ನು ಮಾತ್ರೆಯ ಲೆಕ್ಕಕ್ಕೆ ಬರೆದು ಸುಮ್ಮನಿರಬಾರದು. ತಲೆಗೆ ಪೆಟ್ಟಾಗಿ ಮೆದುಳಿನ ಹೊದಿಕೆಯಡಿ ನಿಧಾನವಾಗಿ ರಕ್ತ ಸೇರುವುದು ಈ ವಯಸ್ಸಿನಲ್ಲಿ ಅಪರೂಪವಲ್ಲ. ಪಾರ್ಶ್ವವಾಯು, ಥೈರಾಯ್ಡ್, ಸೋಡಿಯಂ ಮತ್ತು ಬಿ12 ಕೊರತೆ ಇವನ್ನೂ ನೋಡಬೇಕು. ಈ ವಾರವೇ ಫಿಸಿಶಿಯನ್ ಬಳಿ ಕರೆದೊಯ್ದು ಬಿದ್ದ ವಿಷಯ ಹೇಳಿ, ತಲೆಯ ಸ್ಕ್ಯಾನ್ ಬೇಕೇ ಎಂದು ಕೇಳಿ. ತೊದಲು ಏಕಾಏಕಿ ಹೆಚ್ಚಿದರೆ, ಮುಖ ಅಥವಾ ಒಂದು ಕೈ ಸೋತರೆ, ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾದರೆ, 108ಕ್ಕೆ ಕರೆ ಮಾಡಿ. ಟ್ರಮಡಾಲ್, ಆಲ್ಪ್ರಜೋಲಾಮ್, ಮದ್ಯ ಮೂರೂ ಒಟ್ಟಿಗೆ ಸೇರಿದಾಗ ಉಸಿರಾಟ ಕುಗ್ಗುತ್ತದೆ. ಇವು ಒಂದಕ್ಕೊಂದು ಬಲ ಕೊಡುವ ಔಷಧಗಳು. ಬಿದ್ದವರನ್ನು ಕರೆದುಕೊಂಡು ಹೋಗುವುದು ಸುಲಭ ಎಂಬುದೂ ಇಲ್ಲಿ ನಿಮಗೆ ಅನುಕೂಲ. ಚಟಕ್ಕೆ ಆಸ್ಪತ್ರೆ ಎಂದರೆ ಬಾರದ ತಾಯಿ ಬೆನ್ನುನೋವಿಗೆ ಬರುತ್ತಾರೆ. ಹೋಗುವಾಗ ಮನೆಯಲ್ಲಿ ಸಿಕ್ಕ ಎಲ್ಲ ಮಾತ್ರೆ ಪಟ್ಟಿಗಳನ್ನೂ, ಖಾಲಿಯಾದವನ್ನೂ ಸೇರಿಸಿ, ಒಂದು ಚೀಲದಲ್ಲಿ ಒಯ್ಯಿರಿ. ಪಟ್ಟಿಯ ಮೇಲೆ 0.25, 0.5 ಎಂದು ಬರೆದಿರುವ ಮಿಲಿಗ್ರಾಂ ಪ್ರಮಾಣವೇ ಮುಂದಿನ ಚಿಕಿತ್ಸೆಯ ಲೆಕ್ಕಕ್ಕೆ ಆಧಾರ.

ಅಲ್ಲಿಂದ ಮುಂದೆ ಮನೋವೈದ್ಯರು ಎರಡು ದಾರಿಗಳಲ್ಲಿ ಒಂದನ್ನು ಸೂಚಿಸಬಹುದು. ಮದ್ಯ ಇಲ್ಲ, ಫಿಟ್ಸ್ ಬಂದ ಇತಿಹಾಸ ಇಲ್ಲ, ಮನೆಯಲ್ಲಿ ಮಾತ್ರೆ ಎಣಿಸಿ ಕೊಡುವವರಿದ್ದಾರೆ ಎಂದಾದರೆ, ಮನೆಯಲ್ಲೇ ಇದ್ದು ಎರಡರಿಂದ ನಾಲ್ಕು ವಾರಕ್ಕೊಮ್ಮೆ 5ರಿಂದ 10% ಇಳಿಸುತ್ತ ಹೋಗುವುದು. ಆಲ್ಪ್ರಜೋಲಾಮ್ ಬದಲು ದೇಹದಲ್ಲಿ ಹೆಚ್ಚು ಹೊತ್ತು ಉಳಿಯುವ ಔಷಧಕ್ಕೆ ಬದಲಿಸಿ ಇಳಿಸುವುದೂ ಉಂಟು. ಇದು ತಿಂಗಳುಗಳ ಕೆಲಸ, ನಡುವೆ ನಿದ್ರೆ ಕೆಟ್ಟ ರಾತ್ರಿಗಳು ಬಂದೇ ಬರುತ್ತವೆ, ಆಗ ಹಳೆಯ ಚೀಟಿ ಹಿಡಿದು ಅಂಗಡಿಗೆ ಹೋಗುವ ಆಸೆ ಮರಳುತ್ತದೆ. ಮದ್ಯವೂ ಸೇರಿದೆ ಎಂದಾದರೆ ಕೆಲವು ದಿನ ದಾಖಲಾಗುವುದೇ ಕ್ಷೇಮ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ, ಸರ್ಕಾರಿ ವೈದ್ಯಕೀಯ ಕಾಲೇಜುಗಳ ಮನೋವೈದ್ಯ ವಿಭಾಗಗಳಲ್ಲೂ ಈ ಚಿಕಿತ್ಸೆ ಸಿಗುತ್ತದೆ. ಕತ್ತುನೋವಿಗೆ ಬೇರೆ ಪರಿಹಾರ, ಅಂದರೆ ಫಿಸಿಯೊಥೆರಪಿ, ಚಟ ಹಿಡಿಸದ ಔಷಧ, ಮೊದಲೇ ಶುರುವಾಗಿರಬೇಕು. ನೋವನ್ನು ಹಾಗೇ ಬಿಟ್ಟು ಮಾತ್ರೆಯನ್ನಷ್ಟೇ ಕಿತ್ತುಕೊಂಡರೆ ಆ ತಾಯಿಗೆ ಅನ್ಯಾಯ ಮಾಡಿದಂತೆ.

ಬಲವಂತವಾಗಿ ಸೇರಿಸಬಹುದೇ ಎಂದು ನೀವು ಕೇಳಿಲ್ಲ, ಆದರೆ ಮುಂದೆ ಯಾರಾದರೂ ಸಲಹೆ ಕೊಡಬಹುದು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆಯಿಲ್ಲದ ದಾಖಲಾತಿಗೆ ಇಬ್ಬರು ತಜ್ಞರು ಪ್ರತ್ಯೇಕವಾಗಿ ಪರೀಕ್ಷಿಸಿ, ಗಂಭೀರ ಅಪಾಯ ಅಥವಾ ತಮ್ಮನ್ನು ತಾವು ನೋಡಿಕೊಳ್ಳಲಾಗದ ಸ್ಥಿತಿ ಇದೆಯೆಂದು ದೃಢಪಡಿಸಬೇಕು, ಅದೂ ಮೊದಲಿಗೆ 30 ದಿನಗಳವರೆಗೆ ಮಾತ್ರ. ಮನೆಯಿಂದ ಎತ್ತಿಕೊಂಡು ಹೋಗಿ ತಿಂಗಳುಗಟ್ಟಲೆ ಕೂಡಿಹಾಕುವ ಖಾಸಗಿ ಜಾಗಗಳಿಗೆ ದಯವಿಟ್ಟು ತಾಯಿಯವರನ್ನು ಒಪ್ಪಿಸಬೇಡಿ. ಅಲ್ಲಿಂದ ಹಿಂತಿರುಗಿದವರು ಮಕ್ಕಳ ಮೇಲಿನ ನಂಬಿಕೆಯನ್ನೇ ಕಳೆದುಕೊಂಡು ಬಂದದ್ದನ್ನು ಕಂಡಿದ್ದೇನೆ.

ಎದುರು ಕೂತು ಹೇಳುವ ದಾರಿಯನ್ನು ನಾನು ತಳ್ಳಿಹಾಕುವುದಿಲ್ಲ. ಮೃದುವಾದ ದಾರಿ ಫಲಿಸದಿದ್ದರೆ ಅದನ್ನೂ ಮಾಡಬಹುದು. ಮನೋವೈದ್ಯರು ಅಥವಾ ಮನೋಸಾಮಾಜಿಕ ಕಾರ್ಯಕರ್ತರು ಜೊತೆಗಿರಬೇಕು, ಹೇಳುವವರು ನೀವು, ಅಣ್ಣ, ತಂದೆ ಮೂವರೇ ಇರಲಿ, ಹೇಳುವುದನ್ನು ಮೊದಲೇ ಬರೆದು ಓದಿಕೊಳ್ಳಿ, ಹೊತ್ತು ಬೆಳಿಗ್ಗೆಯದಿರಲಿ, ಹಾಸಿಗೆ ಅಥವಾ ಅಪಾಯಿಂಟ್‌ಮೆಂಟ್ ಅಂದಿಗೇ ಸಿದ್ಧವಿರಲಿ. ದೀಪಾವಳಿಯ ದಿನವಂತೂ ಖಂಡಿತ ಬೇಡ. ನೆಂಟರ ಮುಂದೆ, ಸೊಸೆಯಂದಿರ ಮುಂದೆ, ಎಣ್ಣೆಸ್ನಾನ ಮಾಡಿ ಹೊಸ ಸೀರೆ ಉಟ್ಟ ದಿನ ಹೀಗೆ ಕೇಳಿಸಿಕೊಂಡ ಹೆಂಗಸು ಮುಂದಿನ ಹಬ್ಬದವರೆಗೂ ಯಾರೊಂದಿಗೂ ಮನಸ್ಸು ಬಿಚ್ಚುವುದಿಲ್ಲ.

ಬೆಟ್ಟಿ ಫೋರ್ಡ್ 1982ರಲ್ಲಿ ರಾಂಚೊ ಮಿರಾಜ್‌ನಲ್ಲೇ ತಮ್ಮ ಹೆಸರಿನ ಚಿಕಿತ್ಸಾ ಕೇಂದ್ರವನ್ನು ತೆರೆದರು. ಅರ್ಧದಷ್ಟು ಜಾಗ ಮಹಿಳೆಯರಿಗೆ ಇರಬೇಕು, ಮಹಿಳೆಯರ ಚಿಕಿತ್ಸೆ ಪ್ರತ್ಯೇಕವಾಗಿ ನಡೆಯಬೇಕು ಎಂದು ಪಟ್ಟು ಹಿಡಿದರು; ಮನೆಯವರಿಗೂ ಅಲ್ಲಿ ತರಬೇತಿ ಇತ್ತು. 2005ರವರೆಗೆ ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದು, ಆ ಸ್ಥಾನವನ್ನು ಮೊದಲ ಪ್ರಯತ್ನದಲ್ಲಿ ಸೋತಿದ್ದ ಅದೇ ಮಗಳು ಸೂಸನ್‌ಗೆ ಬಿಟ್ಟುಕೊಟ್ಟರು. 2011ರಲ್ಲಿ ತೀರಿಕೊಂಡಾಗ ಅವರಿಗೆ 93 ವರ್ಷ. ಅರವತ್ತಕ್ಕೆ ಚಿಕಿತ್ಸೆಗೆ ಹೋದವರು ಮತ್ತೆ 33 ವರ್ಷ ಬದುಕಿದರು. ಈ ವಯಸ್ಸಿನಲ್ಲಿ ಇನ್ನೇನು ಬಿಡಿಸುವುದು ಎನ್ನುವವರಿಗೆ ನಾನು ಈ ಲೆಕ್ಕವನ್ನು ಹೇಳುತ್ತೇನೆ.

ಫಿಸಿಶಿಯನ್ ಭೇಟಿಯ ಮೊದಲು ಏನಾದರೂ ಕೇಳಬೇಕೆನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತವಾಗಿ ಕನ್ನಡದಲ್ಲೇ ಮಾತಾಡುತ್ತಾರೆ. ಅಣ್ಣನಿಗೆ ರಜೆ ಸೀಮಿತವಾಗಿದ್ದರೆ ಅದನ್ನು ದೀಪಾವಳಿಗೆ ಖರ್ಚು ಮಾಡಬೇಡಿ ಎಂದು ಹೇಳಿ. ಮಾತ್ರೆ ಇಳಿಸಲು ಶುರುಮಾಡಿದ ಮೊದಲ ತಿಂಗಳು ನಿದ್ರೆಯಿಲ್ಲದ ರಾತ್ರಿಗಳಲ್ಲಿ ಅಮ್ಮನ ಜೊತೆ ಎದ್ದು ಕೂರಲು ಒಬ್ಬರು ಬೇಕಾಗುತ್ತದೆ, ನಿಮ್ಮ ತಂದೆಯೊಬ್ಬರಿಂದ ಅದು ಆಗುವುದಿಲ್ಲ. ಟಿಕೆಟನ್ನು ಆಗಿನ ದಿನಾಂಕಕ್ಕೆ ಮಾಡಿಸಲಿ.